ತೆರೆದ ಕಚೇರಿಯಲ್ಲಿ ಮಾತಿನ ಗದ್ದಲ

ಕಣ್ಣಿಗೆ ರೆಪ್ಪೆಯುಂಟು, ಬೇಡವಾದುದು ಎದುರಿಗೆ ಬಂದರೆ ರೆಪ್ಪೆಯನ್ನು ಮುಚ್ಚಿದರೆ ಸಾಕು. ಕಿವಿಗೆ ಇಂಥ ಕದವಿಲ್ಲ. ನಾವು ನಿದ್ರಿಸುತ್ತಿರುವಾಗಲೂ ಅದು ತೆರೆದೇ ಇರುತ್ತದೆ. ಕಾಡುಮೃಗಗಳ ನಡುವೆ ಬಾಳುತ್ತಿದ್ದ ಆದಿಮಾನವನಿಗೆ ಇದರಿಂದ ಪ್ರಾಣರಕ್ಷಣೆಯಾಗುತ್ತಿತ್ತು. ಆದರೆ ಹತ್ತಾರು ಜನ ಒಂದೇ ಹಜಾರದಲ್ಲಿ ಕುಳಿತು ಲೆಕ್ಕ ಮಾಡುವ, ಬರೆಯುವ, ಯೋಚಿಸುವ ಇಂದಿನ ಕಚೇರಿಯಲ್ಲಿ ಸದಾ ತೆರೆದಿರುವ ಈ ಕಿವಿಯೇ ಕೆಲಸಕ್ಕೆ ಅಡ್ಡಿಯಾಗುವುದುಂಟು.

ಬೆಂಗಳೂರಿನ ಅನೇಕ ತಂತ್ರಾಂಶ ಸಂಸ್ಥೆಗಳಲ್ಲಿ ಕೆಲಸ ನಡೆಯುವುದು ಗೋಡೆಗಳಿಲ್ಲದ ಇಂಥ ವಿಶಾಲವಾದ ಹಜಾರಗಳಲ್ಲಿಯೇ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಅಲ್ಲಿ ದಿನದ ಬಹುಭಾಗವನ್ನು ಕಳೆಯತಕ್ಕವರು. ಆದುದರಿಂದ ಅಲ್ಲಿನ ಗದ್ದಲ ಎಂಥದು, ಭೌತವಿಜ್ಞಾನದ ನೆರವಿನಿಂದ ಅದನ್ನು ಹೇಗೆ ತಗ್ಗಿಸಬಹುದು ಎಂಬುದನ್ನು ವಿಚಾರ ಮಾಡೋಣ. ಈ ವಿಚಾರದಲ್ಲಿ ಒಂದು ವಿಚಿತ್ರವಾದ ಸಂಗತಿ ಎದುರಾಗುವುದು. ಶಬ್ದವನ್ನು ಕಡಮೆ ಮಾಡಿದಷ್ಟೂ ನೆಮ್ಮದಿ ಹೆಚ್ಚುವುದೆಂಬುದು ಸಾಮಾನ್ಯ ತಿಳಿವಳಿಕೆ. ತೆರೆದ ಕಚೇರಿಯಲ್ಲಿ ಅದು ಪೂರ್ತಿಯಾಗಿ ನಿಜವಲ್ಲ.

ಗೋಡೆಗಳು ಮರೆಯಾದ ಬಗೆ

ಅನೇಕ ಗುಮಾಸ್ತರನ್ನು ಒಂದೇ ಹಜಾರದಲ್ಲಿ ಕೂಡಿಸುವ ಪದ್ಧತಿ ಹೊಸದೇನೂ ಅಲ್ಲ. ಅಮೆರಿಕದ ಬಫಲೊ ನಗರದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರು ಲಾರ್ಕಿನ್ ಕಂಪೆನಿಗಾಗಿ ರಚಿಸಿದ ಕಟ್ಟಡ ೧೯೦೬ರಲ್ಲಿ ಬಳಕೆಗೆ ಬಂದಿತು. ಮೇಲಿನಿಂದ ಬೆಳಕು ಇಳಿಯುವ ಎತ್ತರವಾದ ನಡುಹಜಾರದಲ್ಲಿ ಮೇಜುಗಳನ್ನು ಸಾಲುಸಾಲಾಗಿ ಇರಿಸಿ ಅಲ್ಲಿ ಕೆಲಸ ನಡೆಸುತ್ತಿದ್ದರು. ೧೯೫೦ರಲ್ಲಿ ಆ ಕಟ್ಟಡವನ್ನು ಕೆಡವಲಾಯಿತು. ಆದರೆ ಅದರ ಹಿಂದಿನ ಕಲ್ಪನೆ ಉಳಿಯಿತು. ೧೯೫೦ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸಮೀಪದ ಕ್ವಿಕ್‌ಬೋರ್ನ್ ಎಂಬ ಊರಿನಲ್ಲಿ ಎಬರ್‌ಹಾರ್ಡ್ ಷ್ನೆಲೆ ಮತ್ತು ವುಲ್ಫ್‌ಗಾಂಗ್ ಷ್ನೆಲೆ ಎಂಬ ಸೋದರರು 'ಬ್ಯೂರೊಲಾಂಡ್‌ಶಾಫ್ಟ್', ಎಂದರೆ 'ಕಚೇರಿಯ ಭೂದೃಶ್ಯ' ಎಂಬ ಹೊಸ ವ್ಯವಸ್ಥೆಯನ್ನು ಮುಂದಿಟ್ಟರು. ಇದರಲ್ಲಿ ಮೇಜುಗಳ ನೇರವಾದ ಸಾಲುಗಳಿರಲಿಲ್ಲ. ಯಾರಿಗೆ ಯಾರೊಡನೆ ವ್ಯವಹಾರ ಹೆಚ್ಚೋ ಅವರು ಹತ್ತಿರ ಕುಳಿತರು. ನೆಲಕ್ಕೆ ಜಮಖಾನ ಹಾಸಿ, ನಡುನಡುವೆ ಗಿಡಗಳನ್ನೂ ಗಿಡ್ಡನೆಯ ತೆರೆಗಳನ್ನೂ ಇರಿಸಿದರು. ೧೯೬೮ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪೆನಿ ರಾಬರ್ಟ್ ಪ್ರೊಪ್ಸ್ಟ್ ಅವರ ಯೋಜನೆಯಂತೆ, ಬೇಕಾದಂತೆ ಜೋಡಿಸಬಹುದಾದ ಫಲಕಗಳುಳ್ಳ ಕಚೇರಿ ಪೀಠೋಪಕರಣಗಳನ್ನು ಮಾರಾಟಕ್ಕೆ ತಂದಿತು. ಮುಂದೆ ಆ ಫಲಕಗಳೂ ಎಷ್ಟೋ ಕಡೆ ಗಿಡ್ಡವಾಗುತ್ತ ಹೋಗಿ ಕೊನೆಗೆ ಇಲ್ಲವಾದವು.

ಗೋಡೆಗಳನ್ನು ತೆಗೆದುದರ ಉದ್ದೇಶ ಒಳ್ಳೆಯದೇ. ಸ್ಥಳ ಉಳಿಯುವುದು, ಗಾಳಿಬೆಳಕು ಹರಡುವುದು, ಜನ ಕಲೆತು ಮಾತನಾಡುವರು ಎಂಬುದು ನಿರೀಕ್ಷೆ. ಆದರೆ ಎರಡು ದೊಡ್ಡ ಕಂಪೆನಿಗಳ ನೌಕರರನ್ನು, ಗೋಡೆಗಳನ್ನು ತೆಗೆಯುವುದಕ್ಕೆ ಮೊದಲೂ ಅನಂತರವೂ ಪರಿಶೀಲಿಸಿದ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ ಎಂಬವರು ೨೦೧೮ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯಾಗಿತ್ತು. ಮುಖಾಮುಖಿಯಾಗಿ ನಡೆಯುವ ಮಾತುಕತೆ ಸುಮಾರು ಶೇಕಡ ೭೦ರಷ್ಟು ಇಳಿದು, ಅದರ ಬದಲು ವಿದ್ಯುನ್ಮಾನ ಸಂದೇಶಗಳು ಹೆಚ್ಚಿದ್ದುವು. ಎಲ್ಲರ ಕಣ್ಣು ಕಿವಿಗಳಿಗೆ ಎಡೆಯಾದ ಸ್ಥಳದಲ್ಲಿ ಮನುಷ್ಯ ತನಗೆ ತಾನೇ ಒಂದು ಗೋಡೆಯನ್ನು ಕಟ್ಟಿಕೊಳ್ಳುವನೆಂದು ಇದರಿಂದ ಊಹಿಸಬಹುದು.

ಮಾತಿನ ಬಲ ಎಷ್ಟು?

ಶಬ್ದದ ತೀವ್ರತೆಯೆಂದರೆ ಒಂದು ಚದರ ಮೀಟರಿನ ಮೂಲಕ ಒಂದು ಸೆಕೆಂಡಿನಲ್ಲಿ ಹಾದುಹೋಗುವ ಶಕ್ತಿ. ಆರೋಗ್ಯವಂತನ ಕಿವಿಗೆ ಕೇಳಿಸಬಲ್ಲ ಅತ್ಯಲ್ಪ ಶಬ್ದದ ತೀವ್ರತೆ ಚದರ ಮೀಟರಿಗೆ ಒಂದು ವಾಟಿನ ಲಕ್ಷಕೋಟಿಯಲ್ಲಿ ಒಂದು ಪಾಲು. ಕಿವಿಗೆ ನೋವುಂಟುಮಾಡುವ ಶಬ್ದದ ತೀವ್ರತೆ ಇದರ ಲಕ್ಷಕೋಟಿಯಷ್ಟು. ಇಷ್ಟು ವಿಸ್ತಾರವಾದ ಅವಧಿಯನ್ನು ಸಾಮಾನ್ಯ ಸಂಖ್ಯೆಗಳಲ್ಲಿ ಹೇಳುವುದು ಕಷ್ಟವಾದುದರಿಂದ ಲಘುಗಣಕವನ್ನು ಆಶ್ರಯಿಸಿ ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತಾರೆ. ತೀವ್ರತೆ ಹತ್ತರಷ್ಟಾದರೆ ಶಬ್ದಮಟ್ಟ ೧೦ ಡೆಸಿಬೆಲ್ ಏರುವುದು; ನೂರರಷ್ಟಾದರೆ ೨೦ ಡೆಸಿಬೆಲ್; ಎರಡರಷ್ಟಾದರೆ ಸುಮಾರು ೩ ಡೆಸಿಬೆಲ್ ಮಾತ್ರ. ಕಿವಿಗೆ ಶಬ್ದ ಎರಡರಷ್ಟು ಜೋರಾಯಿತೆಂದು ತೋರಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು.

ಒಂದು ಮೀಟರ್ ದೂರದಲ್ಲಿ ಸಾಧಾರಣ ಸಂಭಾಷಣೆಯ ಮಟ್ಟ ಸುಮಾರು ೬೦ ಡೆಸಿಬೆಲ್. ಇದನ್ನು ವಾಟಿಗೆ ಪರಿವರ್ತಿಸಿ, ಒಂದು ಮೀಟರ್ ತ್ರಿಜ್ಯದ ಗೋಳದ ಮೇಲ್ಮೈಯಿಂದ ಗುಣಿಸಿದರೆ, ಮಾತನಾಡುವವನು ಹೊರಸೂಸುವ ಶಬ್ದದ ಸಾಮರ್ಥ್ಯ ಸುಮಾರು ೧೨ ಮೈಕ್ರೊವಾಟ್ ಪ್ರಮಾಣದ್ದೆಂದು ತಿಳಿಯುವುದು. ೧೦ ವಾಟಿನ ಒಂದು ದೀಪದಷ್ಟು ಸಾಮರ್ಥ್ಯವನ್ನು ಮಾತಿನಿಂದ ಪಡೆಯಬೇಕಾದರೆ ಸುಮಾರು ಎಂಟು ಲಕ್ಷ ಜನ ಒಟ್ಟಿಗೆ ಮಾತನಾಡಬೇಕು! ಇಷ್ಟು ಅಲ್ಪವಾದ ಶಕ್ತಿ ಇಡೀ ಹಜಾರದ ಕೆಲಸವನ್ನು ಕೆಡಿಸಬಲ್ಲುದೆಂದರೆ, ತೊಂದರೆಯ ಮೂಲ ಶಕ್ತಿಯ ಪ್ರಮಾಣದಲ್ಲಿಲ್ಲ, ಮತ್ತೆಲ್ಲಿಯೋ ಇದೆ ಎಂದಾಯಿತು.

ಮನಸ್ಸನ್ನು ಕದಡುವುದು ಯಾವುದು?

ಮಳೆಯ ಸದ್ದು ಮಾತಿಗಿಂತ ಜೋರಾಗಿರಬಹುದು; ಆದರೂ ಅದನ್ನು ಕೇಳುತ್ತ ನಾವು ನೆಮ್ಮದಿಯಾಗಿ ಓದಬಲ್ಲೆವು. ಪಕ್ಕದ ಕೊಠಡಿಯಲ್ಲಿ ಇಬ್ಬರು ಮೆಲ್ಲನೆ ಮಾತನಾಡುತ್ತಿದ್ದರೆ ಓದಿದ ಸಾಲನ್ನೇ ಮತ್ತೆ ಓದಬೇಕಾಗುವುದು. ಈ ವ್ಯತ್ಯಾಸವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಗಿದೆ. ೧೯೭೬ರಲ್ಲಿ ಕೋಲ್ ಮತ್ತು ವೆಲ್ಷ್ ಎಂಬ ಮನೋವಿಜ್ಞಾನಿಗಳು, ಕಣ್ಣಿಗೆ ತೋರಿಸಿದ ಅಕ್ಷರಗಳ ಸಾಲನ್ನು ಕ್ರಮವಾಗಿ ನೆನಪಿನಿಂದ ಹೇಳುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಆ ವೇಳೆಯಲ್ಲಿ ಜರ್ಮನ್ ಭಾಷೆಯ ವಾಚನವೊಂದನ್ನು ಅವರ ಕಿವಿಗೆ ಕೇಳಿಸಿದರು. ಆ ವಿದ್ಯಾರ್ಥಿಗಳಿಗೆ ಜರ್ಮನ್ ಬರುತ್ತಿರಲಿಲ್ಲ. ಅದನ್ನು ಆಲಿಸಬೇಕಾದ ಅಗತ್ಯವೂ ಇರಲಿಲ್ಲ. ಆದರೂ ಅವರ ತಪ್ಪುಗಳು ಹೆಚ್ಚಿದವು. ಬಳಿಕ ನಡೆದ ಅನೇಕ ಪ್ರಯೋಗಗಳಲ್ಲಿ ಮಾತಿನ ಮಟ್ಟವನ್ನು ಸಾಕಷ್ಟು ಏರಿಳಿಸಿದರೂ ತೊಂದರೆ ಹೆಚ್ಚು ಕಡಮೆ ಅಷ್ಟೇ ಇದ್ದಿತು. ಏರಿಳಿತವಿಲ್ಲದ ಒಂದೇ ಸಮನಾದ ಸದ್ದು ಮಾತ್ರ ಅಷ್ಟಾಗಿ ಬಾಧಿಸಲಿಲ್ಲ.

ಇದರಿಂದ ತಿಳಿಯುವುದೇನು? ಮನಸ್ಸನ್ನು ಸೆಳೆಯುವುದು ಶಬ್ದದ ಜೋರಿಗಿಂತ ಹೆಚ್ಚಾಗಿ ಅದರ ಬದಲಾವಣೆ. ಮಾತಿನಲ್ಲಿ ಸ್ವರವ್ಯಂಜನಗಳು ಕ್ಷಣಕ್ಷಣಕ್ಕೂ ಮಾರ್ಪಡುತ್ತವೆ. ಉಚ್ಚಾರಗಳ ನಡುವೆ ಚಿಕ್ಕ ಚಿಕ್ಕ ತೆರಪುಗಳಿರುತ್ತವೆ. ನಮ್ಮ ಮಿದುಳು ಬೇಡವೆಂದರೂ ಈ ಏರಿಳಿತವನ್ನು ಹಿಂಬಾಲಿಸುತ್ತದೆ. ಭಾಷೆಯೂ ತಿಳಿದಿದ್ದರೆ ಅರ್ಥದ ಸೆಳೆತವೂ ಇದಕ್ಕೆ ಸೇರಿ, ಓದುವ ಮತ್ತು ಬರೆಯುವ ಕೆಲಸಕ್ಕೆ ಮತ್ತಷ್ಟು ಅಡ್ಡಿ. ಹೀಗಿರಲು ತೆರೆದ ಕಚೇರಿಯಲ್ಲಿ ನಾವು ಕೇಳತಕ್ಕ ಪ್ರಶ್ನೆ 'ಶಬ್ದ ಎಷ್ಟಿದೆ?' ಎಂಬುದಲ್ಲ, 'ಒಬ್ಬನ ಮಾತು ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕೇಳಿಸುತ್ತದೆ?' ಎಂಬುದು. ಆ ದೂರವನ್ನು ಕಿರಿದುಮಾಡಲು ಮೂರು ಉಪಾಯಗಳಿವೆ: ಶಬ್ದವನ್ನು ಹೀರುವುದು, ತಡೆಯುವುದು, ಮುಚ್ಚುವುದು. ಒಂದೊಂದನ್ನೂ ಪರಿಶೀಲಿಸೋಣ.

ಮೊದಲನೆಯ ಉಪಾಯ: ಹೀರುವುದು

ಬರಿದಾದ ದೊಡ್ಡ ಕೊಠಡಿಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಒಡನೆಯೇ ಅಡಗುವುದಿಲ್ಲ. ಗೋಡೆಯಿಂದ ಗೋಡೆಗೆ, ನೆಲದಿಂದ ಚಾವಣಿಗೆ ಅದು ಮತ್ತೆ ಮತ್ತೆ ಪ್ರತಿಫಲಿಸಿ ನಿಧಾನವಾಗಿ ಕುಂದುವುದು. ಇದಕ್ಕೆ ಅನುರಣನವೆಂದು ಹೆಸರು. ಶಬ್ದಮಟ್ಟ ೬೦ ಡೆಸಿಬೆಲ್ ಇಳಿಯಲು, ಎಂದರೆ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಾಗಲು ಬೇಕಾಗುವ ಕಾಲವೇ ಅನುರಣನ ಕಾಲ.

ಈ ವಿಷಯವನ್ನು ಮೊದಲು ಕ್ರಮವಾಗಿ ಅಭ್ಯಸಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ವಾಲೇಸ್ ಕ್ಲೆಮೆಂಟ್ ಸಬೀನ್. ಅಲ್ಲಿನ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಭಾಷಣ ಮಾಡಿದರೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ನುಡಿದ ಪದ ಸುಮಾರು ಐದೂವರೆ ಸೆಕೆಂಡು ಅಲ್ಲಿಯೇ ಮೊಳಗುತ್ತಿದ್ದಿತು. ೧೮೯೫ರಲ್ಲಿ ಇದನ್ನು ಸರಿಪಡಿಸುವ ಹೊಣೆ ಇಪ್ಪತ್ತೇಳು ವರ್ಷದ ಸಬೀನರ ಪಾಲಿಗೆ ಬಂದಿತು. ಅವರ ಉಪಕರಣಗಳು ಒಂದು ಆರ್ಗನ್ ಕೊಳವೆ, ಒಂದು ಕಾಲಮಾಪಕ ಮತ್ತು ತಮ್ಮ ಕಿವಿ. ಊರೆಲ್ಲ ಮಲಗಿದ ಮೇಲೆ ಅವರೂ ಅವರ ಸಹಾಯಕರೂ ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಒಂದೊಂದು ಪ್ರಮಾಣದ ಮೆತ್ತೆಗೂ ಸದ್ದು ಎಷ್ಟು ಬೇಗ ಅಡಗುವುದೆಂದು ಅಳೆದರು. ಈ ಶ್ರಮದಿಂದ ದೊರೆತುದು ಒಂದು ಸರಳವಾದ ಸೂತ್ರ:

ಅನುರಣನ ಕಾಲ = ೦.೧೬ × ಕೊಠಡಿಯ ಘನಗಾತ್ರ ÷ ಒಟ್ಟು ಶೋಷಣ

ಇಲ್ಲಿ ಘನಗಾತ್ರ ಘನಮೀಟರುಗಳಲ್ಲಿಯೂ ಕಾಲ ಸೆಕೆಂಡುಗಳಲ್ಲಿಯೂ ಇರತಕ್ಕದ್ದು. ಶೋಷಣದ ಮಾನ ಬಹಳ ಸ್ವಾರಸ್ಯವಾದುದು. ತೆರೆದ ಕಿಟಕಿಯ ಮೂಲಕ ಹೊರಗೆ ಹೋದ ಶಬ್ದ ಹಿಂದಿರುಗುವುದಿಲ್ಲ. ಆದುದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿಯ ಶೋಷಣವನ್ನು ೧ ಎಂದು ಭಾವಿಸಲಾಯಿತು. ಗಾರೆಯ ಗೋಡೆ, ಗಾಜು, ಕಲ್ಲುನೆಲಗಳ ಶೋಷಣಾಂಕ ಸುಮಾರು ೦.೦೩, ಒಳ್ಳೆಯ ಖನಿಜ ಉಣ್ಣೆಯ ಹಲಗೆಗಳದು ೦.೮ ಅಥವಾ ಅದಕ್ಕೂ ಮೇಲು. ೧೯೦೦ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಎಂಬ ಸಂಗೀತಮಂದಿರದ ರಚನೆಯಲ್ಲಿ ಈ ಸೂತ್ರ ಬಳಕೆಯಾಯಿತು.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮ ಕಚೇರಿ ೨೦ ಮೀಟರ್ ಉದ್ದ, ೧೫ ಮೀಟರ್ ಅಗಲ, ೩ ಮೀಟರ್ ಎತ್ತರವಿರಲಿ. ಒಳಗೆ ೪೦ ಜನರಿರಲಿ. ಘನಗಾತ್ರ ೯೦೦ ಘನಮೀಟರ್. ನೆಲ, ಚಾವಣಿ, ಗೋಡೆಗಳ ಒಟ್ಟು ವಿಸ್ತೀರ್ಣ ೮೧೦ ಚದರ ಮೀಟರ್. ಎಲ್ಲವೂ ಗಟ್ಟಿ ಮೇಲ್ಮೈಗಳಾದರೆ ಅವುಗಳ ಶೋಷಣ ಸುಮಾರು ೨೪. ಒಬ್ಬೊಬ್ಬನ ಮೈ ಮತ್ತು ಉಡುಪಿನ ಶೋಷಣ ಅರ್ಧವೆಂದು ಎಣಿಸಿದರೆ ೪೦ ಜನರಿಂದ ೨೦. ಒಟ್ಟು ೪೪. ಅನುರಣನ ಕಾಲ ೧೪೪ನ್ನು ೪೪ರಿಂದ ಭಾಗಿಸಿದಾಗ ಬರುವ ಸುಮಾರು ೩.೩ ಸೆಕೆಂಡು. ಈಗ ಚಾವಣಿಗೆ ಮಾತ್ರ ಖನಿಜ ಉಣ್ಣೆಯ ಹಲಗೆಗಳನ್ನು ಹೊದಿಸಿದೆವೆನ್ನೋಣ. ಚಾವಣಿಯ ೩೦೦ ಚದರ ಮೀಟರಿನಿಂದಲೇ ೨೪೦ ದೊರೆತು ಒಟ್ಟು ಶೋಷಣ ೨೭೫ಕ್ಕೆ ಏರುವುದು. ಅನುರಣನ ಕಾಲ ಸುಮಾರು ಅರ್ಧ ಸೆಕೆಂಡಿಗೆ ಇಳಿಯುವುದು. ಕೊಠಡಿಯಲ್ಲಿ ತುಂಬಿ ಮೊಳಗುವ ಶಬ್ದದ ಮಟ್ಟ ಸುಮಾರು ೮ ಡೆಸಿಬೆಲ್ ಕಡಮೆಯಾಗುವುದು. ಅಗಲವಾಗಿ ತಗ್ಗಾಗಿರುವ ಹಜಾರಗಳಲ್ಲಿ ಸಬೀನರ ಸೂತ್ರ ಕೇವಲ ಅಂದಾಜನ್ನು ಕೊಡುತ್ತದೆ. ಆದರೂ ಎಲ್ಲಕ್ಕಿಂತ ಮೊದಲು ಗಮನ ಕೊಡತಕ್ಕದ್ದು ಚಾವಣಿಗೆ ಎಂಬುದು ಇದರಿಂದ ಸ್ಪಷ್ಟ.

ಖನಿಜ ಉಣ್ಣೆ ಶಬ್ದವನ್ನು ಹೀರುವ ಬಗೆ ಹೇಗೆ? ಅದರ ಎಳೆಗಳ ನಡುವಿನ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಹಿಂದುಮುಂದಾಗಿ ಕಂಪಿಸುವಾಗ ಎಳೆಗಳಿಗೆ ಉಜ್ಜುತ್ತದೆ. ಘರ್ಷಣೆಯಿಂದ ಶಬ್ದದ ಶಕ್ತಿ ಉಷ್ಣವಾಗುತ್ತದೆ. ಗಟ್ಟಿ ಮೇಲ್ಮೈಗೆ ತಗುಲಿದ ಗಾಳಿ ಅಲುಗಾಡಲಾರದು. ಅಲ್ಲಿಂದ ತರಂಗದೂರದ ನಾಲ್ಕನೆಯ ಒಂದು ಪಾಲಿನಷ್ಟು ದೂರದಲ್ಲಿ ಅದರ ಚಲನೆ ಅತ್ಯಧಿಕ. ಆದುದರಿಂದ ತೆಳುವಾದ ಜಮಖಾನ ಉಚ್ಚ ಆವೃತ್ತಿಯ ಶಬ್ದವನ್ನು ಮಾತ್ರ ಸ್ವಲ್ಪ ಹೀರಬಲ್ಲುದು. ಕಾಲ್ಸಪ್ಪಳವನ್ನು ಅಡಗಿಸುವುದೇ ಅದರ ಮುಖ್ಯ ಪ್ರಯೋಜನ. ಹಲಗೆಗಳನ್ನು ಚಾವಣಿಗೆ ಅಂಟಿಸುವುದಕ್ಕಿಂತ ಸ್ವಲ್ಪ ಕೆಳಗೆ ತೂಗಿಬಿಟ್ಟರೆ ಫಲ ಹೆಚ್ಚುವುದೂ ಇದೇ ಕಾರಣದಿಂದ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಬೀನರು ಶಬ್ದವನ್ನು ಹೀರಿಸಿದುದು ಉಪನ್ಯಾಸಕನ ಮಾತು ಸ್ಪಷ್ಟವಾಗಲೆಂದು. ಅನುರಣನ ಹೆಚ್ಚಾದಾಗ ಹಿಂದಿನ ಪದದ ಮೊಳಗು ಮುಂದಿನ ಪದವನ್ನು ಮಸುಕುಗೊಳಿಸುವುದು. ಅನುರಣನ ತಗ್ಗಿದರೆ ಮಾತು ತಿಳಿಯಾಗುವುದು. ನಮ್ಮ ಕಚೇರಿಯಲ್ಲಿ ಬೇಕಾದುದು ಇದಕ್ಕೆ ವಿರುದ್ಧ. ಶೋಷಣ ಒಂದನ್ನೇ ನೆಚ್ಚಿದರೆ ದೂರದ ಗದ್ದಲವೇನೋ ಅಡಗುವುದು. ಆದರೆ ಸಮೀಪದಲ್ಲಿ ಕುಳಿತವನ ಒಂದೊಂದು ಮಾತೂ ಮೊದಲಿಗಿಂತ ಸ್ಪಷ್ಟವಾಗಿ ಕಿವಿಗೆ ಬೀಳುವುದು. ನೇರವಾಗಿ ಬರುವ ಶಬ್ದವನ್ನು ಚಾವಣಿ ಹೀರಲಾರದಷ್ಟೆ.

ಎರಡನೆಯ ಉಪಾಯ: ತಡೆಯುವುದು

ನೇರವಾದ ಶಬ್ದಕ್ಕೆ ಅಡ್ಡಲಾಗಿ ತೆರೆಯನ್ನು ನಿಲ್ಲಿಸಬೇಕು. ಬೆಳಕಾದರೆ ತೆರೆಯ ಹಿಂದೆ ನೆರಳು ಬೀಳುವುದು. ಶಬ್ದ ಹಾಗಲ್ಲ, ಅಂಚಿನ ಮೇಲಿಂದ ಬಾಗಿ ಬರುವುದು. ಇದಕ್ಕೆ ವಿವರ್ತನೆಯೆನ್ನುತ್ತಾರೆ. ಎಷ್ಟು ಬಾಗುವುದೆಂಬುದು ತರಂಗದೂರವನ್ನು ಅವಲಂಬಿಸಿದೆ. ಗಂಡಸಿನ ಕಂಠದ ಮೂಲನಾದದ ಆವೃತ್ತಿ ಸುಮಾರು ೧೦೦ ಹರ್ಟ್ಸ್. ಅದರ ತರಂಗದೂರ ೩.೪ ಮೀಟರ್. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಬಹುಮಟ್ಟಿಗೆ ಅಡಗಿರುವುದು ೨೦೦೦ ಹರ್ಟ್ಸ್ ಮತ್ತು ಅದರ ಮೇಲಿನ ಆವೃತ್ತಿಗಳಲ್ಲಿ; ೨೦೦೦ ಹರ್ಟ್ಸಿನ ತರಂಗದೂರ ೧೭ ಸೆಂಟಿಮೀಟರ್ ಮಾತ್ರ.

ಕುಳಿತವರ ಬಾಯಿ ಮತ್ತು ಕಿವಿ ನೆಲದಿಂದ ೧.೨ ಮೀಟರ್ ಎತ್ತರದಲ್ಲಿವೆಯೆಂದೂ, ಇಬ್ಬರ ನಡುವಿನ ದೂರ ೨ ಮೀಟರೆಂದೂ, ಸರಿಯಾಗಿ ನಡುವೆ ೧.೫ ಮೀಟರ್ ಎತ್ತರದ ತೆರೆಯಿದೆಯೆಂದೂ ಭಾವಿಸೋಣ. ತೆರೆಯ ಮೇಲಿಂದ ಬಳಸಿ ಬರುವ ದಾರಿ ನೇರ ದಾರಿಗಿಂತ ಸುಮಾರು ೯ ಸೆಂಟಿಮೀಟರ್ ಹೆಚ್ಚು. ಪೈಥಾಗೊರಸನ ಪ್ರಮೇಯ ಬಲ್ಲವರು ಇದನ್ನು ತಾವೇ ಪರೀಕ್ಷಿಸಬಹುದು. ಈ ಹೆಚ್ಚಳ ೧೭ ಸೆಂಟಿಮೀಟರಿನ ಅರ್ಧಕ್ಕಿಂತ ತುಸು ಮೇಲು, ೩.೪ ಮೀಟರಿನ ಮೂವತ್ತೆಂಟನೆಯ ಒಂದು ಪಾಲು. ದಾರಿಯ ಹೆಚ್ಚಳ ತರಂಗದೂರಕ್ಕೆ ಹೋಲಿಸಿದರೆ ದೊಡ್ಡದಾದಷ್ಟೂ ತೆರೆಯ ನೆರಳು ದಟ್ಟ. ಆದುದರಿಂದ ತೆರೆ ಕಂಠದ ಗುಂಯ್‌ಗುಡುವಿಕೆಯನ್ನು ಹೆಚ್ಚಾಗಿ ತಡೆಯದಿದ್ದರೂ ವ್ಯಂಜನಗಳನ್ನು ಕತ್ತರಿಸಿ ಮಾತಿನ ಸ್ಪಷ್ಟತೆಯನ್ನು ಕುಗ್ಗಿಸುವುದು. ನಮಗೆ ಬೇಕಾದುದೂ ಅದೇ. ತೆರೆ ೧.೨ ಮೀಟರಿಗಿಂತ ಗಿಡ್ಡವಾದರೆ ಬಾಯಿಗೂ ಕಿವಿಗೂ ನೇರ ದಾರಿ ತೆರೆದೇ ಇರುವುದರಿಂದ ಅದು ಕಣ್ಣಿಗೆ ಅಲಂಕಾರವಾದೀತೇ ಹೊರತು ಕಿವಿಗೆ ನೆರವಾಗಲಾರದು.

ಆದರೆ ಚಾವಣಿ ಗಟ್ಟಿಯಾಗಿದ್ದರೆ ಎಂಥ ಎತ್ತರವಾದ ತೆರೆಯೂ ವ್ಯರ್ಥ. ಕನ್ನಡಿಯಿಂದ ಬೆಳಕು ಹೊರಳುವಂತೆ ಚಾವಣಿಯಿಂದ ಮಾತು ಹೊರಳಿ ತೆರೆಯ ಆಚೆಗೆ ಇಳಿಯುವುದು. ಹೀರುವುದೂ ತಡೆಯುವುದೂ ಒಂದಕ್ಕೊಂದು ಆಸರೆ.

ಹೀರುವ ವಸ್ತುವನ್ನೂ ತಡೆಯುವ ವಸ್ತುವನ್ನೂ ಜನ ಅನೇಕ ವೇಳೆ ಒಂದೆಂದು ಭ್ರಮಿಸುತ್ತಾರೆ. ಹಗುರವಾದ ನೊರೆಹಲಗೆ ಶಬ್ದವನ್ನು ಹೀರಬಲ್ಲುದು. ಆದರೆ ಅದನ್ನು ಗೋಡೆಯಾಗಿ ನಿಲ್ಲಿಸಿದರೆ ಶಬ್ದ ಅದರ ಮೂಲಕ ಹಾದುಹೋಗುವುದು. ತಡೆಯಲು ತೂಕ ಬೇಕು. ಒಂದು ಪದರದ ಗೋಡೆಯ ತೂಕವನ್ನು ಎರಡರಷ್ಟು ಮಾಡಿದರೆ ತಡೆ ಸುಮಾರು ೬ ಡೆಸಿಬೆಲ್ ಹೆಚ್ಚುವುದು. ಒಳ್ಳೆಯ ತೆರೆಗೆ ನಡುವೆ ತೂಕವುಳ್ಳ ಹಲಗೆಯೂ ಎರಡು ಮೈಗೂ ಹೀರುವ ಹೊದಿಕೆಯೂ ಇರತಕ್ಕದ್ದು.

ಮೂರನೆಯ ಉಪಾಯ: ಮುಚ್ಚುವುದು

ಹಗಲಿನಲ್ಲಿ ನಕ್ಷತ್ರಗಳು ಕಾಣಿಸುವುದಿಲ್ಲ. ಅವುಗಳ ಬೆಳಕು ಕುಂದಿತೆಂದಲ್ಲ. ಆಕಾಶದ ಬೆಳಕು ಅವನ್ನು ಮುಚ್ಚಿತು. ಶಬ್ದದ ವಿಷಯದಲ್ಲಿಯೂ ಹೀಗೆಯೇ. ಒಂದೇ ಸಮನಾದ ಮೆಲುವಾದ ಹಿನ್ನೆಲೆ ಶಬ್ದವಿದ್ದರೆ ಅದು ಮಾತಿನ ನಡುವಿನ ತೆರಪುಗಳನ್ನು ತುಂಬಿ ಏರಿಳಿತವನ್ನು ಅಳಿಸುತ್ತದೆ.

ನೆದರ್ಲೆಂಡ್ಸಿನ ಹೌಟ್‌ಗಾಸ್ಟ್ ಮತ್ತು ಸ್ಟೇನೆಕೆನ್ ಎಂಬ ವಿಜ್ಞಾನಿಗಳು ೧೯೭೦ರ ದಶಕದಲ್ಲಿ ಮಾತಿನ ಸ್ಪಷ್ಟತೆಯನ್ನು ಸೊನ್ನೆಯಿಂದ ಒಂದರವರೆಗಿನ ಅಂಕದಲ್ಲಿ ಅಳೆಯುವ ವಿಧಾನವನ್ನು ರೂಪಿಸಿದರು. ಮಾತಿನ ಏರಿಳಿತ ಕೇಳುವವನನ್ನು ತಲಪುವಾಗ ಎಷ್ಟು ಉಳಿದಿರುತ್ತದೆ ಎಂಬುದೇ ಅದರ ಆಧಾರ. ಅನುರಣನವನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ಲೆಕ್ಕ ಸುಲಭ. ಮಾತು ಹಿನ್ನೆಲೆಗಿಂತ ೧೫ ಡೆಸಿಬೆಲ್ ಮೇಲಿದ್ದರೆ ಅಂಕ ೧. ೧೫ ಡೆಸಿಬೆಲ್ ಕೆಳಗಿದ್ದರೆ ಸೊನ್ನೆ. ಎರಡೂ ಸಮನಾಗಿದ್ದರೆ ೦.೫. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ತೆರೆದ ಕಚೇರಿಗಳಿಗಾಗಿಯೇ ೨೦೧೨ರಲ್ಲಿ ಪ್ರಕಟಿಸಿ ೨೦೨೨ರಲ್ಲಿ ಪರಿಷ್ಕರಿಸಿದ ಮಾನಕದಲ್ಲಿ, ಈ ಅಂಕ ೦.೫ಕ್ಕೆ ಇಳಿಯುವ ದೂರವನ್ನು ಮಾತಿನಿಂದ ಮನಸ್ಸು ಚದರುವ ದೂರವೆಂದು ಗಣಿಸಲಾಗಿದೆ. ನಾವು ಅದನ್ನು 'ತೊಂದರೆಯ ದೂರ' ಎಂದು ಕರೆಯೋಣ. ಒಳ್ಳೆಯ ಕಚೇರಿಯಲ್ಲಿ ೪ ಮೀಟರ್ ದೂರದಲ್ಲಿ ಮಾತಿನ ಮಟ್ಟ ೪೮ ಡೆಸಿಬೆಲನ್ನು ಮೀರಬಾರದು. ದೂರ ಇಮ್ಮಡಿಯಾದಾಗಲೆಲ್ಲ ಕನಿಷ್ಠ ೭ ಡೆಸಿಬೆಲ್ ಇಳಿಯಬೇಕು. ತೊಂದರೆಯ ದೂರ ೫ ಮೀಟರಿಗಿಂತ ಹೆಚ್ಚಿರಬಾರದು ಎಂಬುದು ೨೦೧೨ರ ಮಾನಕ ತೋರಿದ ಗುರಿ. ಬಯಲಿನಲ್ಲಿ ಕೂಡ ದೂರ ಇಮ್ಮಡಿಯಾದರೆ ಶಬ್ದ ಇಳಿಯುವುದು ೬ ಡೆಸಿಬೆಲ್ ಮಾತ್ರ! ಬಯಲನ್ನು ಮೀರಿಸಬೇಕಾದರೆ ಹೀರುವ ಚಾವಣಿಯ ಜೊತೆಗೆ ತೆರೆಗಳೂ ಬೇಕೇ ಬೇಕು.

ಈಗ ನಮ್ಮ ಹಜಾರದ ಲೆಕ್ಕ ಮಾಡೋಣ. ೩೦೦ ಚದರ ಮೀಟರಿನಲ್ಲಿ ೪೦ ಜನ. ಒಬ್ಬನ ಪಾಲಿಗೆ ಏಳೂವರೆ ಚದರ ಮೀಟರ್. ಚಾವಣಿ ಮತ್ತು ತೆರೆಗಳ ಕೆಲಸ ಚೆನ್ನಾಗಿ ನಡೆದು, ೪ ಮೀಟರಿನಲ್ಲಿ ಮಾತು ೪೮ ಡೆಸಿಬೆಲ್ ಇದ್ದು ಮುಂದೆ ದೂರದ ಪ್ರತಿ ಇಮ್ಮಡಿಗೂ ೭ ಡೆಸಿಬೆಲ್ ಇಳಿಯುತ್ತದೆ ಎನ್ನೋಣ. ಹಿನ್ನೆಲೆ ಶಬ್ದ ೪೨ ಡೆಸಿಬೆಲ್ ಇದ್ದರೆ ತೊಂದರೆಯ ದೂರ ಸುಮಾರು ೭.೨ ಮೀಟರ್. ಈ ತ್ರಿಜ್ಯದ ವೃತ್ತದೊಳಗೆ ಸುಮಾರು ೨೨ ಜನ ಬರುತ್ತಾರೆ. ಯಾರೋ ಸದುದ್ದೇಶದಿಂದ ಹವಾನಿಯಂತ್ರಣ ಯಂತ್ರದ ಸದ್ದನ್ನು ತಗ್ಗಿಸಿ ಹಿನ್ನೆಲೆಯನ್ನು ೩೫ ಡೆಸಿಬೆಲಿಗೆ ಇಳಿಸಿದರು. ಫಲವೇನು? ತೊಂದರೆಯ ದೂರ ಎರಡರಷ್ಟಾಗಿ ೧೪.೫ ಮೀಟರಿಗೆ ಏರುವುದು; ವೃತ್ತದ ವಿಸ್ತೀರ್ಣ ನಾಲ್ಕರಷ್ಟಾಗುವುದು. ಹಜಾರದ ನಡುವೆ ಒಬ್ಬನು ಮಾತನಾಡಿದರೆ ಉಳಿದ ಎಲ್ಲರೂ ಅದರೊಳಗೆ ಸಿಕ್ಕಿಬೀಳುವರು. ಹಜಾರ ಹೆಚ್ಚು ನಿಶ್ಶಬ್ದವಾಯಿತು. ತೊಂದರೆ ಮಾತ್ರ ಹೆಚ್ಚಿತು! ಹಿನ್ನೆಲೆಯನ್ನು ೪೫ ಡೆಸಿಬೆಲಿಗೆ ಏರಿಸಿದರೆ ಆ ದೂರ ೫.೪ ಮೀಟರಿಗೆ ಕುಗ್ಗುವುದು. ವೃತ್ತದೊಳಗೆ ಉಳಿಯುವವರು ಸುಮಾರು ೧೨ ಜನ.

ಹಾಗಾದರೆ ಹಿನ್ನೆಲೆಯನ್ನು ಇನ್ನೂ ಏರಿಸಬಾರದೇಕೆ? ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಅವರು ೧೯೧೧ರಲ್ಲಿ ಪ್ರಕಟಿಸಿದ ಸಂಗತಿಯೊಂದು ಇದಕ್ಕೆ ಉತ್ತರ. ಸುತ್ತಲಿನ ಸದ್ದು ಹೆಚ್ಚಿದರೆ ಮನುಷ್ಯ ತನಗರಿಯದೆಯೇ ದನಿಯನ್ನು ಏರಿಸುತ್ತಾನೆ. ಒಬ್ಬನು ಏರಿಸಿದರೆ ಪಕ್ಕದವನೂ ಏರಿಸುವನು. ಮದುವೆಯ ಊಟದ ಮನೆಯಲ್ಲಿ ನಾವು ಕಾಣುವುದು ಇದೇ. ಅಲ್ಲದೆ ಮಿತಿಮೀರಿದ ಸದ್ದು ತಾನೇ ಒಂದು ಆಯಾಸ. ಆದುದರಿಂದ ಹಿನ್ನೆಲೆ ಶಬ್ದ ೪೫ ಡೆಸಿಬೆಲಿನ ಸುತ್ತಮುತ್ತ ನಿಲ್ಲತಕ್ಕದ್ದು. ಅದು ಎಲ್ಲ ಆವೃತ್ತಿಗಳಲ್ಲಿಯೂ ಸಮನಾಗಿದ್ದರೆ ಸೀಟಿಯಂತೆ ಸಿರ್ರೆನ್ನುವುದು. ಆವೃತ್ತಿ ಏರಿದಂತೆ ಕ್ರಮವಾಗಿ ಕುಗ್ಗುವಂತೆ ಮಾಡಿ, ಚಾವಣಿಯ ಮರೆಯ ಧ್ವನಿವರ್ಧಕಗಳಿಂದ ಹಜಾರದ ಉದ್ದಗಲಕ್ಕೂ ಸಮನಾಗಿ ಹರಡುತ್ತಾರೆ. ಆಗ ಅದು ದೂರದ ಗಾಳಿಯ ಸದ್ದಿನಂತೆ ತೋರಿ ಬೇಗ ಮರೆತುಹೋಗುತ್ತದೆ. ಸಂಗೀತವನ್ನು ಹಾಕಿದರೆ ಈ ಪ್ರಯೋಜನವಿಲ್ಲ. ಅದರಲ್ಲಿಯೂ ಏರಿಳಿತವಿದೆ, ಹಾಡಾದರೆ ಮಾತೂ ಇದೆ.

ಮೂರನೆಯ ಉಪಾಯ ಮೊದಲಿನ ಎರಡಕ್ಕೆ ಬದಲಿಯಲ್ಲ. ಗಟ್ಟಿ ಚಾವಣಿಯ, ತೆರೆಗಳಿಲ್ಲದ ಹಜಾರದಲ್ಲಿ ೪ ಮೀಟರಿನಲ್ಲಿ ಮಾತು ೫೨ ಡೆಸಿಬೆಲ್ ಇದ್ದು, ಪ್ರತಿ ಇಮ್ಮಡಿಗೂ ೪ ಡೆಸಿಬೆಲ್ ಮಾತ್ರ ಇಳಿಯುವುದೆಂದರೆ, ಹಿನ್ನೆಲೆ ೪೨ ಡೆಸಿಬೆಲ್ ಇದ್ದರೂ ತೊಂದರೆಯ ದೂರ ೨೨ ಮೀಟರನ್ನು ದಾಟುವುದು. ಅನುರಣನದ ಮಸುಕಿನಿಂದ ಅದು ತುಸು ಕಿರಿದಾಗುವುದೇನೋ ನಿಜ. ಆದರೆ ಆ ಮೊಳಗೇ ಎಲ್ಲರ ದನಿಯನ್ನೂ ಏರಿಸುವುದರಿಂದ ಲಾಭವೇನೂ ಉಳಿಯುವುದಿಲ್ಲ.

ಉಪಾಯಗಳ ಎಲ್ಲೆ

ಮೂರನ್ನೂ ಸರಿಯಾಗಿ ಬಳಸಿದರೂ ತೊಂದರೆಯ ವೃತ್ತ ಸೊನ್ನೆಯಾಗುವುದಿಲ್ಲ. ಹನ್ನೆರಡು ಜನ ಉಳಿದೇ ಉಳಿದರು. ಇನ್ನು ಮುಂದಿನ ಕೆಲಸ ವ್ಯವಸ್ಥೆಯದು. ಒಂದೇ ಕಾರ್ಯದಲ್ಲಿ ತೊಡಗಿದವರು ಒಂದೇ ವೃತ್ತದಲ್ಲಿ ಕುಳಿತರೆ ಅವರ ಮಾತು ಅವರಿಗೆ ಗದ್ದಲವಾಗದು. ದೀರ್ಘವಾದ ಟೆಲಿಫೋನ್ ಸಂಭಾಷಣೆಗೂ ಸಭೆಗೂ ಕದವುಳ್ಳ ಚಿಕ್ಕ ಕೊಠಡಿಗಳಿರತಕ್ಕದ್ದು. ಏಕಾಗ್ರತೆ ಬೇಡುವ ಕೆಲಸಕ್ಕೆ ಮಾತಿಲ್ಲದ ಒಂದು ಎಡೆಯನ್ನು ಬೇರೆಯಾಗಿ ಇಡಬೇಕು.

ಕಿವಿಗೆ ಧರಿಸುವ ಶಬ್ದನಿರೋಧಕ ಹೆಡ್‌ಫೋನುಗಳ ವಿಷಯವನ್ನು ಹಲವರು ಕೇಳಬಹುದು. ಶಬ್ದದ ಅಲೆಗೆ ಅದರ ವಿರುದ್ಧ ಹಂತದ ಅಲೆಯನ್ನು ಸೇರಿಸಿ ಎರಡನ್ನೂ ಅಳಿಸುವ ಕಲ್ಪನೆಗೆ ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ ೧೯೩೬ರಲ್ಲಿಯೇ ಅಮೆರಿಕದ ಪೇಟೆಂಟ್ ದೊರೆತಿತ್ತು. ವಿಮಾನದ ಎಂಜಿನ್ನಿನಂಥ ಮಂದ್ರವಾದ, ಒಂದೇ ಸಮನಾದ ಸದ್ದಿಗೆ ಈ ವಿಧಾನ ಬಹಳ ಚೆನ್ನಾಗಿ ಒದಗುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ, ಕಿರಿದಾದ ತರಂಗದೂರದ ವ್ಯಂಜನಗಳನ್ನು ಹೀಗೆ ಅಳಿಸುವುದು ಕಷ್ಟ; ಅವನ್ನು ತಗ್ಗಿಸುವುದು ಮುಖ್ಯವಾಗಿ ಕಿವಿಯನ್ನು ಮುಚ್ಚುವ ಮೆತ್ತೆಯೇ.

ವಿದ್ಯಾರ್ಥಿಗಳು ತಮ್ಮ ಕಾಲೇಜಿನಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ಶಬ್ದಮಟ್ಟವನ್ನು ಅಳೆಯುವ ಸೌಕರ್ಯ ಇಂದು ಮೊಬೈಲ್ ಫೋನುಗಳಲ್ಲಿಯೂ ಸಿಗುವುದು. ಅದರ ಅಂಕಿಗಳು ನಿಖರವಲ್ಲದಿದ್ದರೂ ಹೋಲಿಕೆಗೆ ಸಾಕು. ಒಂದು ಚಿಕ್ಕ ಧ್ವನಿವರ್ಧಕದಿಂದ ಒಂದೇ ಸಮನಾದ ಸದ್ದನ್ನು ಹೊರಡಿಸಿ, ೧, ೨, ೪, ೮ ಮೀಟರ್ ದೂರಗಳಲ್ಲಿ ಮಟ್ಟವನ್ನು ಗುರುತಿಸಿಕೊಳ್ಳಿ. ಮೊದಲು ಆಟದ ಬಯಲಿನಲ್ಲಿ, ಆಮೇಲೆ ಖಾಲಿಯಾದ ತರಗತಿಯಲ್ಲಿ, ಕೊನೆಗೆ ಪುಸ್ತಕಗಳು ತುಂಬಿದ ವಾಚನಾಲಯದಲ್ಲಿ ಇದನ್ನು ನಡೆಸಿ. ಬಯಲಿನಲ್ಲಿ ಪ್ರತಿ ಇಮ್ಮಡಿಗೂ ಸುಮಾರು ೬ ಡೆಸಿಬೆಲ್ ಇಳಿಯಬೇಕು. ತರಗತಿಯಲ್ಲಿ ಎಷ್ಟು ಇಳಿಯಿತು? ಕಡಮೆಯಾದರೆ ಆ ಕೊರತೆಗೆ ಯಾವ ಯಾವ ಮೇಲ್ಮೈಗಳು ಹೊಣೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದವರಿಗೆ ಸಬೀನರ ಸೂತ್ರ ಕಂಠಪಾಠದ ವಸ್ತುವಾಗಿ ಉಳಿಯುವುದಿಲ್ಲ.

ಗೋಡೆಗಳಿಲ್ಲದ ಕಚೇರಿ ಒಳ್ಳೆಯದೋ ಕೆಟ್ಟುದೋ ಎಂಬ ವಾದವನ್ನು ಭೌತವಿಜ್ಞಾನ ಒಂದೇ ತೀರ್ಮಾನಿಸಲಾರದು. ಆದರೆ ಗೋಡೆಯನ್ನು ತೆಗೆಯುವವರು ಅದು ಮಾಡುತ್ತಿದ್ದ ಕೆಲಸವನ್ನು ಮತ್ತಾವುದಕ್ಕೆ ವಹಿಸುತ್ತೇವೆಂದು ಮೊದಲೇ ಲೆಕ್ಕಹಾಕಬೇಕೆಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಆ ಲೆಕ್ಕಕ್ಕೆ ಬೇಕಾದುದು ಒಂದು ಸರಳ ಭಾಗಾಕಾರ, ಸ್ವಲ್ಪ ಲಘುಗಣಕ, ಮತ್ತು ಪಕ್ಕದಲ್ಲಿ ಕುಳಿತವನೂ ಯೋಚಿಸುತ್ತಿದ್ದಾನೆಂಬ ಅರಿವು.